ಶರತ್ಕಾಲದ ಚಹಾದಲ್ಲಿ ಅಂಥದ್ದೇನಿದೆ?

ಜಪಾನಿನ ಕ್ಯೋಟೋದಲ್ಲಿ ಉದ್ಯೋಗದಲ್ಲಿದ್ದಾಗ ನಾನು ಅತಿಥಿಗೆ ವಿಧಿವತ್ತಾಗಿ ಚಹಾ ಮಾಡಿಕೊಡುವ ಅಲ್ಲಿನ ಚಹಾ ಪದ್ಧತಿ ಕಲಿಯಲು ಹೋಗುತ್ತಿದ್ದೆನೆಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು: ಶರತ್ಕಾಲದಲ್ಲಿ ಚಹಾ ಕುಡಿಯುವುದರಲ್ಲಿ ಅಂಥ ಕಾವ್ಯವೇನಿದೆ? ಉತ್ತರವನ್ನೂ ಅವರೇ ಸಿದ್ಧಪಡಿಸಿಕೊಂಡಿರುತ್ತಾರೆ. ಕಿಟಕಿಯಾಚೆ ಕೆಂಪೆಲೆ, ಕೈಯಲ್ಲಿ ಹಬೆಯಾಡುವ ಬಟ್ಟಲು, ಮಡಿಲಲ್ಲಿ ಒಂದು ಕವನ ಸಂಕಲನ. ಹೌದೆಂದರೆ ಅವರಿಗೆ ಸಮಾಧಾನ, ಅಲ್ಲವೆಂದರೆ ನಾನು ಜಂಬಗಾರ. ತಲೆಯಾಡಿಸಿ ಸಾಕಾಗಿದೆ. ಅಲ್ಲ.

ಮೈಸೂರಿನ ಗೃಹಪ್ರವೇಶವೊಂದರಲ್ಲಿ, ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಚಿಕ್ಕಪ್ಪ, ಹೋಳಿಗೆ ಬರುವ ದಾರಿಯ ಮೇಲೆ ಕಣ್ಣಿಟ್ಟುಕೊಂಡೇ, “ಹಾಲಿಲ್ಲ, ಸಕ್ಕರೆಯಿಲ್ಲ, ಆ ಹಸಿರು ನೀರಿಗೆ ಋತು ಬೇರೆ ಕೇಡು!” ಎಂದರು. ಪಂಕ್ತಿಯೆಲ್ಲ ನಕ್ಕಿತು, ನಾನೂ ನಕ್ಕೆ. ತುಪ್ಪ ಬಡಿಸುವವರು ದಾಟಿ ಹೋಗುವುದರೊಳಗೆ ಹೇಳಿ ಮುಗಿಸುವ ಸಂಗತಿ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ಪದ್ಧತಿಯಲ್ಲಿ ಶರತ್ಕಾಲವೆಂದರೆ ಮೊದಲಿಗೆ ದಾಸ್ತಾನಿನ ವಿಷಯ. ಮೇ ತಿಂಗಳ ಸುಮಾರಿಗೆ ಕೊಯ್ದ ಎಲೆಯನ್ನು ಜಾಡಿಗೆ ತುಂಬಿ, ಬಾಯಿಗೆ ಮೊಹರು ಹಾಕಿ, ಬೇಸಿಗೆಯುದ್ದಕ್ಕೂ ಹದವಾಗಲು ಬಿಟ್ಟು, ನವೆಂಬರಿನಲ್ಲಿ ಮೊಹರು ಒಡೆದು ಬೀಸುಕಲ್ಲಿನಲ್ಲಿ ಪುಡಿ ಮಾಡುವುದು ಹಳೆಯ ಕ್ರಮ. ಹಾಗಾಗಿ ನವೆಂಬರು ಚಹಾದವರ ಹೊಸ ವರ್ಷ. ಅಕ್ಟೋಬರು ಹಿಂದಿನ ವರ್ಷದ ಜಾಡಿಯ ತಳ ಕಾಣುವ ತಿಂಗಳು. ಶೈತ್ಯಾಗಾರಗಳ ದೆಸೆಯಿಂದ ಈಗ ಒಳ್ಳೆಯ ಪುಡಿ ವರ್ಷವಿಡೀ ಸಿಗುತ್ತದೆ, ಆದರೂ ಇದ್ದುದರಲ್ಲೇ ಸಾಗಿಸುವ ಅಕ್ಟೋಬರಿನ ಶಿಸ್ತು ಉಳಿದಿದೆ. ಒಡೆದ ಮೇಲೆ ಮರದ ಅಂಟಿನಿಂದ ಕೂಡಿಸಿ, ಕೂಡಿದ ಗೆರೆಗೆ ಚಿನ್ನದ ಪುಡಿ ಹಚ್ಚಿದ ಬಟ್ಟಲುಗಳು ಹೊರಬರುವುದು ಆಗಲೇ. ಅಂಥದ್ದೊಂದನ್ನು ಗುರುಗಳು ನನ್ನ ಮುಂದಿಟ್ಟ ದಿನ, ತುಟಿ ತಾಗುವ ಜಾಗದಿಂದ ಹೆಬ್ಬೆರಳಿನಗಲ ಆಚೆ ಆ ಗೆರೆ ತುಸು ಉಬ್ಬಿಕೊಂಡಿತ್ತು. ಬಟ್ಟಲನ್ನು ತಿರುಗಿಸುವಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಕ್ಕಿತು.

ಇನ್ನು ಕಾವ್ಯ. 13ನೆಯ ಶತಮಾನದ ಆರಂಭದ ‘ಶಿನ್ ಕೊಕಿನ್‌ಶೂ’ ಸಂಕಲನದಲ್ಲಿ ಫುಜಿವಾರಾ ನೊ ತೇಯ್ಕಾ ಬರೆದ ಪದ್ಯವೊಂದಿದೆ. ಕಣ್ಣು ಹಾಯಿಸಿದರೆ ಹೂವೂ ಇಲ್ಲ, ಕೆಂಪೆಲೆಯೂ ಇಲ್ಲ, ದಡದಲ್ಲೊಂದು ಹುಲ್ಲಿನ ಗುಡಿಸಲು, ಶರತ್ಕಾಲದ ಮುಸ್ಸಂಜೆ ಎಂಬುದು ಅದರ ಸಾರ. ಚಹಾ ಪದ್ಧತಿಗೆ ರೂಪ ಕೊಟ್ಟ ರಿಕ್ಯೂನ ಗುರು ತಾಕೆನೊ ಜೋಓ (1502–1555) ತನ್ನ ಸರಳ ಚಹಾದ ಮನೋಧರ್ಮ ಇದರಲ್ಲಿದೆ ಎಂದನೆಂದು, ರಿಕ್ಯೂನ ಬೋಧನೆಗಳ ಗ್ರಂಥವೆನ್ನಲಾದ ‘ನಾನ್‌ಪೊರೊಕು’ ಹೇಳುತ್ತದೆ. ಆ ಗ್ರಂಥದ ಪ್ರಾಮಾಣ್ಯದ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಅದಿರಲಿ. ಆದರೆ ಚಹಾದವರು ಎತ್ತಿಕೊಂಡ ಪದ್ಯದಲ್ಲಿ ಕೆಂಪೆಲೆಗೆ ಪ್ರವೇಶವೇ ಇಲ್ಲ ಎನ್ನುವುದನ್ನು ಕಿಟಕಿಯಾಚೆ ಇಣುಕುವವರು ದಯವಿಟ್ಟು ಗಮನಿಸಬೇಕು.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ: ಅಕ್ಟೋಬರಿನಲ್ಲಿ ಚಹಾದ ನೀರು ಕಾಯಿಸುವ ಒಲೆ ಏಕೆ ಜಾಗ ಬದಲಿಸುತ್ತದೆ? ಸೆಕೆಯ ತಿಂಗಳುಗಳಲ್ಲಿ ಒಲೆ ಅತಿಥಿಯಿಂದ ದೂರದ ಮಗ್ಗುಲಲ್ಲಿಯೂ ತಣ್ಣೀರಿನ ಪಾತ್ರೆ ಅತಿಥಿಯ ಕಡೆಯೂ ಇರುತ್ತವೆ. ಚಳಿ ಕಾಲಿಡುತ್ತಿದ್ದಂತೆ ಒಲೆ ಚಾಪೆಯ ನಡುವಿಗೆ ಬರುತ್ತದೆ, ತಣ್ಣೀರು ಅದರ ಆಚೆ ಬದಿಗೆ ಸರಿಯುತ್ತದೆ. ಅಲ್ಲಿ ಉಳಿಯುವ ಜಾಗ ಇಕ್ಕಟ್ಟಾದ್ದರಿಂದ ಸಪೂರ ಪಾತ್ರೆಯನ್ನೇ ಹುಡುಕಿ ಇಡಬೇಕು. ಚಳಿಯಾಗುತ್ತಿದೆಯೇ ಎಂದು ಅತಿಥಿಯನ್ನು ಯಾರೂ ಕೇಳುವುದಿಲ್ಲ. ನವೆಂಬರಿನಲ್ಲಿ ಈ ಒಲೆಯನ್ನೇ ಎತ್ತಿಟ್ಟು ನೆಲದೊಳಗಿನ ಅಗ್ಗಿಷ್ಟಿಕೆಯನ್ನು ತೆರೆಯುವುದರಿಂದ, ಇಷ್ಟೆಲ್ಲ ಸರಿದಾಟ ಒಂದು ತಿಂಗಳ ಮಟ್ಟಿಗೆ ಮಾತ್ರ. ಇದನ್ನು ಕೇಳಿ; ಚಾಪೆಯ ಅಳತೆ ಸಮೇತ ವಿವರಿಸುತ್ತೇನೆ.