25 ಸೆಂಟ್ಸಿಗೆ ಎಷ್ಟು ಕಂಗು?

ಮಗ ಹತ್ತನೇ ಕ್ಲಾಸಿಗೆ ಬಂದ ಜೂನಿನಲ್ಲಿ, ಗಣಿತಕ್ಕೆ ಒಂದು ಗೈಡ್ ಬೇಕು ಅಂತ ಮಳೆಯಲ್ಲಿ ನೆನೆದುಕೊಂಡು ಪುತ್ತೂರಿಗೆ ಹೋದೆ. ಅಂಗಡಿಯವರು ಕನ್ನಡದ ಗೈಡ್ ಕೊಟ್ಟರು. ಕನ್ನಡ ಅಕ್ಷರ ಕಂಡ ಖುಷಿಗೆ ಒಳಗೆ ತೆಗೆದೂ ನೋಡಲಿಲ್ಲ. ಮನೆಗೆ ತಂದು ಕೊಟ್ಟರೆ ಮಗ ಎರಡು ಪುಟ ತಿರುವಿ, "ಅಮ್ಮ, ಇದು ನಿಮ್ಮ ಕಡೆಯದ್ದು" ಅಂದ.

ನಮ್ಮ ಕಡೆ ಅಂದರೆ ಕರ್ನಾಟಕ. ನಾನು ತಿಪಟೂರಿನವಳು. ಮದುವೆಯಾಗಿ ಬಂದದ್ದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಅಡಿಕೆ ತೋಟದ ಮನೆಗೆ. ಹೊರನಾಡು ಅಂದರೆ ವಿಮಾನ ಹತ್ತಬೇಕು ಅಂತೇನಿಲ್ಲ. ಇಲ್ಲಿ ಬಸ್ಸು ಹತ್ತಿ ಅಡ್ಕಸ್ಥಳ ದಾಟಿದರೆ ಕರ್ನಾಟಕ ಬಂದೇ ಬಿಡುತ್ತದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳಂ. ನವೆಂಬರ್ 1ಕ್ಕೆ ನಿಮಗೆ ರಾಜ್ಯೋತ್ಸವ, ಇಲ್ಲಿ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. 1956ರ ಅದೇ ದಿನ ಈ ಊರು ಕೇರಳದ ಕಡೆಗೆ ಹೋಯಿತು. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಗಣಿತದ ಪುಸ್ತಕ ಕೂಡ ಗಡಿ ದಾಟುವುದಿಲ್ಲ ಅಂತ ನನಗೆ ಗೊತ್ತಾಗಲು ಆ ಗೈಡೇ ಬರಬೇಕಾಯಿತು.

ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳದ ಎಸ್‌ಸಿಇಆರ್‌ಟಿ ಕನ್ನಡದಲ್ಲೇ ಪಠ್ಯಪುಸ್ತಕ ಕೊಡುತ್ತದೆ. ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ. ಪುಸ್ತಕ ಸಿಗದಿದ್ದರೆ 'ಸಮಗ್ರ' ಪೋರ್ಟಲಿನಿಂದ ಇಳಿಸಿಕೊಳ್ಳಬಹುದು. ಕೊರೊನಾ ಕಾಲದಲ್ಲಿ, 2020ರ ಜೂನ್ 1ರಿಂದ, ವಿಕ್ಟರ್ಸ್ ಚಾನೆಲಿನಲ್ಲಿ ಟಿವಿ ಕ್ಲಾಸು ಶುರುವಾಯಿತಲ್ಲ, ಆಮೇಲೆ ಕನ್ನಡದ ಪಾಠಗಳೂ ಬಂದವು. ಅಷ್ಟರ ಮಟ್ಟಿಗೆ ತಕರಾರಿಲ್ಲ. ತೊಂದರೆ ಶುರುವಾಗುವುದು ಪಠ್ಯಪುಸ್ತಕದ ಆಚೆ. ಪೇಟೆಯ ಗೈಡು, ಹಳೆ ಪ್ರಶ್ನೆಪತ್ರಿಕೆಯ ಕಟ್ಟು, ಟ್ಯೂಷನ್ ನೋಟ್ಸು, ಎಲ್ಲ ಮಲಯಾಳಂ ಅಥವಾ ಇಂಗ್ಲಿಷ್. ಯೂಟ್ಯೂಬಿನಲ್ಲಿ 'ಹತ್ತನೇ ತರಗತಿ ಗಣಿತ ಕನ್ನಡ' ಅಂತ ಹುಡುಕಿದರೆ ರಾಶಿ ವಿಡಿಯೋ ಬೀಳುತ್ತದೆ, ಎಲ್ಲವೂ ಕರ್ನಾಟಕದ ಸಿಲಬಸ್ಸು. ಭಾಷೆ ಸಿಕ್ಕಿದರೆ ಪಾಠ ಸಿಗುವುದಿಲ್ಲ, ಪಾಠ ಸಿಕ್ಕಿದರೆ ಭಾಷೆ ಸಿಗುವುದಿಲ್ಲ. ಕೆಲವು ಶಾಲೆಗಳಿಗೆ ಕನ್ನಡವೇ ಬಾರದ ಮೇಷ್ಟ್ರು ಬಂದು, ಹೆತ್ತವರು ಗಲಾಟೆ ಮಾಡಿದ ಸುದ್ದಿ ನೀವೂ ಓದಿರುತ್ತೀರಿ. ಪುಣ್ಯಕ್ಕೆ ನಮಗೆ ಹಾಗಾಗಲಿಲ್ಲ. ಮಗನ ಗಣಿತದ ಟೀಚರ್ ಇಲ್ಲಿಯವರೇ, ಕನ್ನಡದವರೇ.

ಸರಿ, ನಾನೇ ಹೇಳಿಕೊಡೋಣ ಅಂತ ಕೂತೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆ ಮಾರ್ಕ್ಸ್ ತೆಗೆದವಳು ನಾನು, ಸ್ವಲ್ಪ ಜಂಬವೂ ಇತ್ತು. ಮಗನ ಪುಸ್ತಕ ತೆಗೆದರೆ ನಾವು ಬಾಯಿಪಾಠ ಮಾಡಿದ ದತ್ತ, ಸಾಧನೀಯ, ರಚನೆ, ಸಾಧನೆ ಆ ಥರದ ಸಾಲೇ ಇಲ್ಲ. ವೃತ್ತದ ಪಾಠ ಶುರುವಾಗುವುದೇ ಒಂದು ಆಟದಂತೆ. ನಾನು ಹಾಗಲ್ಲ ಹೀಗೆ ಅಂತ ತಡಕಾಡುತ್ತಿದ್ದಾಗ ಮಗ ಒಂದು ಹಳೆ ಮದುವೆ ಕಾಗದ ತಂದ. ರಟ್ಟಿನ ಮೇಲೆ ಬಿಳಿ ಹಾಳೆ ಇಟ್ಟು ಎರಡು ಗುಂಡುಸೂಜಿ ಚುಚ್ಚಿದ. ಮದುವೆ ಕಾಗದದ ಮೂಲೆಯನ್ನು ಎರಡು ಸೂಜಿಗಳ ನಡುವೆ ತೂರಿಸಿ, ಎರಡೂ ಅಂಚು ಸೂಜಿಗೆ ತಾಗಿಕೊಂಡೇ ಇರುವಂತೆ ಜಾರಿಸುತ್ತಾ ಹೋದ. ಮೂಲೆ ನಿಂತಲ್ಲೆಲ್ಲ ಪೆನ್ಸಿಲಿನಲ್ಲಿ ಒಂದು ಚುಕ್ಕಿ. ಇಪ್ಪತ್ತು ಚುಕ್ಕಿ ಆಗುವಾಗ ಹಾಳೆಯ ಮೇಲೆ ಅರ್ಧ ವೃತ್ತ ಕೂತಿತ್ತು. ಮೂಲೆ 90 ಡಿಗ್ರಿ ಅಲ್ವಾ, ಅದು ಯಾವಾಗಲೂ ವೃತ್ತದ ಮೇಲೇ ನಿಲ್ಲುತ್ತದೆ. ವೃತ್ತದ ಒಳಗಿನ ಬಿಂದುವಿನಿಂದ ವ್ಯಾಸದ ತುದಿಗಳಿಗೆ ಗೆರೆ ಎಳೆದರೆ ಕೋನ 90ಕ್ಕಿಂತ ಜಾಸ್ತಿ, ಹೊರಗಿನಿಂದ ಎಳೆದರೆ ಕಡಿಮೆ. ಅರ್ಧ ವೃತ್ತದಲ್ಲಿನ ಕೋನ ಲಂಬಕೋನ ಅಂತ ನಾನು ಹುಡುಗಿಯಾಗಿದ್ದಾಗ ಎಷ್ಟು ಸಲ ಬರೆದಿದ್ದೆನೋ. ಅದು ಹೀಗೆ ಕೈಗೆ ಸಿಗುತ್ತದೆ ಅಂತ ಯಾರೂ ತೋರಿಸಿರಲಿಲ್ಲ.

ಇನ್ನೊಂದು ಆಶ್ಚರ್ಯ, ಇವರಿಗೆ ರೇಖಾಗಣಿತವನ್ನೂ ಬೀಜಗಣಿತವನ್ನೂ ಒಟ್ಟಿಗೆ ಹೆಣೆದ ಪಾಠವೇ ಇದೆ. ವೃತ್ತದ ಸಮೀಕರಣ ಹತ್ತನೇ ಕ್ಲಾಸಿಗೇ ಬಂದುಬಿಡುತ್ತದೆ. ನಿಮ್ಮ ಮಕ್ಕಳಿಗೆ ಅದು ಪಿಯುಸಿಯಲ್ಲಿ. ಇನ್ನು 625ಕ್ಕೆ ಎಷ್ಟು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. 'ಫುಲ್ ಎ ಪ್ಲಸ್ಸಾ', ಅಂದರೆ ಎಲ್ಲ ವಿಷಯಕ್ಕೂ ಎ ಪ್ಲಸ್ ಗ್ರೇಡಾ ಅಂತ ಕೇಳುತ್ತಾರೆ. ಫ್ಲೆಕ್ಸ್ ಮಾತ್ರ ಎರಡೂ ಕಡೆ ಅಷ್ಟೇ ದೊಡ್ಡದು.

ಕೊನೆಗೆ ನಮಗೆ ಸಿಕ್ಕಿದ ಒಳ್ಳೆಯ ಗೈಡು ಪಕ್ಕದ ಮನೆಯ ಹುಡುಗಿ. ಅವಳೂ ಹತ್ತನೇ ಕ್ಲಾಸು, ಆದರೆ ಮಲಯಾಳಂ ಮಾಧ್ಯಮ. ಪಾಠ ಒಂದೇ, ಲೆಕ್ಕ ಒಂದೇ, ಚಿತ್ರ ಒಂದೇ. ಅವಳ ಹತ್ತಿರ ಮಲಯಾಳಂ ನೋಟ್ಸು, ಹಳೆ ಪ್ರಶ್ನೆಪತ್ರಿಕೆ ಎಲ್ಲ ಇತ್ತು. ಸಂಜೆ ನಮ್ಮ ಜಗಲಿಯಲ್ಲಿ ಇಬ್ಬರೂ ಕೂರುತ್ತಿದ್ದರು. ಮೊದಲ ದಿನವೇ ಜಗಳ. ಅವಳು ಮಲಯಾಳಂ ಪ್ರಶ್ನೆ ಓದಿ "ಒರು ಚದುರಂ" ಅಂದಳು. ಇವನು ಚಚ್ಚೌಕ ಬರೆದ. ಉತ್ತರ ತಾಳೆಯಾಗಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಗೊತ್ತಾಯಿತು, ಮಲಯಾಳಂನಲ್ಲಿ ಚದುರಂ ಅಂದರೆ ನಮ್ಮ ಆಯತ. ಚೌಕಕ್ಕೆ ಅವರು ಸಮಚದುರಂ ಅನ್ನುತ್ತಾರೆ.

ಆಮೇಲೆ ಅದೇ ಒಂದು ಆಟವಾಯಿತು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಸಾಲು. ನಮ್ಮ ಸುತ್ತಳತೆ ಅವರ ಚುಟ್ಟಳವ್. ಅಕ್ಕ ತಂಗಿ ಇದ್ದ ಹಾಗೆ. ನಮ್ಮ ತ್ರಿಜ್ಯ ಅವರ ಆರಂ. ನಮ್ಮ ಜ್ಯಾ ಅವರ ಞಾಣ್, ಬಿಲ್ಲಿನ ಹಗ್ಗ. ವಿಸ್ತೀರ್ಣಕ್ಕೆ ಪರಪ್ಪಳವ್, ಅಂದರೆ ಹರಡಿಕೊಂಡಿರುವುದರ ಅಳತೆ. ಸ್ಪರ್ಶಕಕ್ಕೆ ತೊಡುವರ, ಮುಟ್ಟುವ ಗೆರೆ. ಇದು ನನಗೆ ತುಂಬ ಇಷ್ಟವಾಯಿತು. ನಮ್ಮ ಪುಸ್ತಕದಲ್ಲೂ 'ಮುಟ್ಟುಗೆರೆ' ಅಂತ ಇದ್ದಿದ್ದರೆ ಎಷ್ಟು ಮಕ್ಕಳಿಗೆ ಹೆದರಿಕೆ ಕಡಿಮೆಯಾಗುತ್ತಿತ್ತೋ. ಕನ್ನಡ ಬಿಟ್ಟುಕೊಟ್ಟೆ ಅಂತ ಬೈಯಬೇಡಿ, ಹೊಟ್ಟೆಕಿಚ್ಚು ಅಷ್ಟೇ.

ಗಣಿತಕ್ಕೆ ಇಲ್ಲಿ 80 ಬರವಣಿಗೆ ಪರೀಕ್ಷೆಗೆ, 20 ವರ್ಷವಿಡೀ ಮಾಡುವ ಕೆಲಸಕ್ಕೆ. ಪ್ರಾಜೆಕ್ಟು ಬರುವುದು ಈ 20ರಲ್ಲಿ. ಜೊತೆಗೆ ಶಾಲಾ ಶಾಸ್ತ್ರೋತ್ಸವದ, ಅಂದರೆ ವಿಜ್ಞಾನ ಉತ್ಸವದ, ಗಣಿತ ಮೇಳ ಬೇರೆ. ಸಂಖ್ಯೆಗಳ ಚಾರ್ಟು, ಜ್ಯಾಮಿತಿ ಚಾರ್ಟು, ಮಾಡೆಲು, ಪಜಲು, ಪ್ರಾಜೆಕ್ಟು ಅಂತ ಎಷ್ಟೋ ವಿಭಾಗ. ಶಾಲೆಯಿಂದ ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ. ಓಣಂ ಪರೀಕ್ಷೆ ಮುಗಿದ ಮೇಲೆ ಟೀಚರ್ ಹೇಳಿದರಂತೆ, "ಇಂಟರ್ನೆಟ್ಟಿಂದ ಇಳಿಸಿದ್ದು ತರಬೇಡಿ. ನಿಮ್ಮ ಮನೆಯಲ್ಲಿ ಎಂತ ಉಂಟೋ ಅದರದ್ದು ಮಾಡಿ."

ನಮ್ಮ ಮನೆಯಲ್ಲಿ ಉಂಟಾದ್ದು ಕಂಗು. ಇಲ್ಲಿ ಅಡಿಕೆ ಮರಕ್ಕೆ ಹಾಗನ್ನುತ್ತಾರೆ. ಮಾವ ಹೊಸ ಸಸಿ ಹಾಕುವ ಮಾತಾಡುತ್ತಿದ್ದರು. ಇಲ್ಲಿ ಲೆಕ್ಕ ಒಂಬತ್ತು ಅಡಿಗೆ ಒಂದು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವುದು 2.7 ಮೀಟರ್, ಹೆಚ್ಚು ಕಡಿಮೆ ಅದೇ. ಮಗ ಕೇಳಿದ, "ಅಜ್ಜ, ಚೌಕವಾಗಿ ಯಾಕೆ ಹಾಕುವುದು? ತ್ರಿಕೋನಕ್ಕೆ ಹಾಕಿದರೆ ಜಾಸ್ತಿ ಹಿಡಿಯುತ್ತದಲ್ಲ?"

"ಹಿಡಿಯುತ್ತದಂತೆ. ಎಷ್ಟು ಅಂತ ನೀನೇ ಹೇಳು ಮಾರಾಯ, ಶಾಲೆಗೆ ಹೋಗುವುದು ನೀನಲ್ವಾ" ಅಂದರು ಮಾವ.

ಪ್ರಾಜೆಕ್ಟು ಅಲ್ಲಿಂದ ಶುರು. ಚೌಕದಲ್ಲಿ ಒಂದು ಕಂಗಿಗೆ 9 ಗುಣಿಸು 9, ಅಂದರೆ 81 ಚದರ ಅಡಿ. ತ್ರಿಕೋನದಲ್ಲಿ ಮೂರು ಕಂಗು ಸೇರಿ ಸಮಬಾಹು ತ್ರಿಕೋನ. ಕಂಗಿನಿಂದ ಕಂಗಿಗೆ 9 ಅಡಿಯೇ, ಆದರೆ ಸಾಲಿನಿಂದ ಸಾಲಿಗೆ ತ್ರಿಕೋನದ ಎತ್ತರದಷ್ಟೇ ಸಾಕು. ಪೈಥಾಗೊರಸ್ ಹಾಕಿದರೆ 9ರ ವರ್ಗ 81ರಿಂದ ನಾಲ್ಕೂವರೆಯ ವರ್ಗ 20.25 ಕಳೆದು 60.75. ಅದರ ವರ್ಗಮೂಲ 7.79. ಅಂದರೆ ಏಳು ಅಡಿ ಒಂಬತ್ತೂವರೆ ಅಂಗುಲ. ಆಗ ಒಂದು ಕಂಗಿಗೆ ಬೇಕಾಗುವ ಜಾಗ ಸುಮಾರು 70 ಚದರ ಅಡಿ.

ಜಾಗಕ್ಕೆ ಮಗ 99 ಅಡಿ ಅಗಲ, 110 ಅಡಿ ಉದ್ದದ ಒಂದು ಆಯತ ಇಟ್ಟುಕೊಂಡ. ಗುಣಿಸಿದರೆ 10,890 ಚದರ ಅಡಿ, ಸರಿಯಾಗಿ 25 ಸೆಂಟ್ಸ್. ನಿಮ್ಮ ಕಡೆ ಗುಂಟೆ ಲೆಕ್ಕ, ಇಲ್ಲಿ ಸೆಂಟ್ಸ್. ನೂರು ಸೆಂಟ್ಸಿಗೆ ಒಂದು ಎಕರೆ. ಭಾಗಿಸಿದರೆ ಚೌಕಕ್ಕೆ 134 ಕಂಗು, ತ್ರಿಕೋನಕ್ಕೆ 155. ನೂರಕ್ಕೆ ಹದಿನೈದು ಜಾಸ್ತಿ. ಇವನು ಕುಣಿದದ್ದೇ ಕುಣಿದದ್ದು. ಅಡಿಕೆ ರೇಟು ಹಾಕಿ ಲಾಭದ ಲೆಕ್ಕವೂ ಆಯಿತು.

ನಾನು ಅಂದೆ, ಚಾರ್ಟಿನಲ್ಲಿ ಇಟ್ಟು ನೋಡು. ಒಂದು ಸೆಂಟಿಮೀಟರಿಗೆ ಎರಡು ಅಡಿ. ಅತ್ತೆಯ ಡಬ್ಬದಿಂದ ಹುಣಸೆ ಬೀಜ ತಂದ. ಬೇಲಿಯಿಂದ ನಾಲ್ಕೂವರೆ ಅಡಿ ಬಿಟ್ಟು, ನಾಲ್ಕೂವರೆ ಸೆಂಟಿಮೀಟರಿಗೆ ಒಂದು ಬೀಜ. ಚೌಕಕ್ಕೆ 11ರ 12 ಸಾಲು, 132. ಸರಿ ಹೋಯಿತು. ತ್ರಿಕೋನಕ್ಕೆ ಒಂದು ಸಾಲಿನಲ್ಲಿ 11, ಮುಂದಿನ ಸಾಲು ಅರ್ಧ ಜರುಗುವುದರಿಂದ ಅದರಲ್ಲಿ 10. ಹೀಗೆ 13 ಸಾಲು. ಎಣಿಸಿದರೆ 137. ಮತ್ತೆ ಎಣಿಸಿದ, ಮತ್ತೆ 137. ಚಾರ್ಟನ್ನೇ ತಿರುಗಿಸಿ ಉದ್ದಕ್ಕೆ ಸಾಲು ಹಾಕಿದ, 138. ಸೂತ್ರ ಹೇಳಿದ 155 ಎಲ್ಲಿ ಹೋಯಿತು?

ಮುಖ ಸಣ್ಣದಾಯಿತು. ಪಕ್ಕದ ಮನೆ ಹುಡುಗಿಯೂ ಬಂದು ಎಣಿಸಿದಳು, ಮಲಯಾಳಂನಲ್ಲೂ ಅಷ್ಟೇ. ಒಂದು ಬಿಟ್ಟು ಒಂದು ಸಾಲಿನ ತುದಿಯಲ್ಲಿ ಅರ್ಧರ್ಧ ಜಾಗ ಖಾಲಿ ಬಿದ್ದಿರುವುದನ್ನು ಬೆರಳಿಟ್ಟು ತೋರಿಸಿದ್ದು ಅವಳೇ. ಬೇಲಿಯ ಹತ್ತಿರ ಪೋಲಾಗುವ ಜಾಗ ಸೂತ್ರಕ್ಕೆ ಗೊತ್ತಿಲ್ಲ. ಹಾಗಾದರೆ ಜಾಗ ದೊಡ್ಡದಾದರೆ?

ಒಂದು ಎಕರೆಗೆ ಹುಣಸೆ ಬೀಜ ಹಾಕಲು ಜಗಲಿಯೂ ಸಾಲದು, ಅತ್ತೆಯ ತಾಳ್ಮೆಯೂ ಸಾಲದು. ಇಲ್ಲಿ ಜಿಯೋಜೆಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್ ಕೈ ಹಿಡಿಯಿತು. ಕೇರಳದ ಶಾಲೆಗಳ ಕಂಪ್ಯೂಟರಿನಲ್ಲಿ ಇದು ಇದ್ದೇ ಇರುತ್ತದೆ. ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್‌ನವರು ಕೊಡುವ ಲಿನಕ್ಸ್ ಜೊತೆಗೇ ಬರುತ್ತದೆ, ಐಟಿ ಪುಸ್ತಕದಲ್ಲೂ ಪಾಠ ಉಂಟು. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೊಹೆನ್ವಾರ್ಟರ್ ಶುರು ಮಾಡಿದ್ದು, ಮಕ್ಕಳಿಗೆ ಪುಕ್ಕಟೆ. ಫೋನಿನಲ್ಲೂ ನಡೆಯುತ್ತದೆ. ನಿಮ್ಮ ಮಕ್ಕಳ ಫೋನಿನಲ್ಲಿ ಇಲ್ಲದಿದ್ದರೆ ಇವತ್ತೇ ಹಾಕಿಸಿ, ಗೈಡಿನ ದುಡ್ಡು ಉಳಿಯುತ್ತದೆ. ಗೆರೆ ಎಳೆದರೆ ಪಕ್ಕದಲ್ಲೇ ಅದರ ಸಮೀಕರಣ ಕಾಣುತ್ತದೆ, ಗೆರೆ ಜರುಗಿಸಿದರೆ ಸಮೀಕರಣವೂ ಬದಲಾಗುತ್ತದೆ.

198 ಅಡಿ, 220 ಅಡಿ. ಸರಿಯಾಗಿ ಒಂದು ಎಕರೆ. ಚೌಕಕ್ಕೆ 528. ತ್ರಿಕೋನಕ್ಕೆ 28 ಸಾಲು, 602. ಅಂದರೆ 74 ಜಾಸ್ತಿ, ನೂರಕ್ಕೆ 14. ಸೂತ್ರದ ಹತ್ತಿರ ಹತ್ತಿರ ಬಂತು. ಆದರೆ ಸಾಲನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರೆ 588ಕ್ಕೆ ಇಳಿಯಿತು. ಯಾಕೆ ಅಂತ ನೋಡಿದರೆ, ಜರುಗಿದ ಪ್ರತಿ ಸಾಲಿನಲ್ಲೂ ಕೊನೆಯ ಕಂಗಿಗೆ ಬರೀ ಅರ್ಧ ಅಡಿ ಜಾಗ ಕಡಿಮೆ ಬೀಳುತ್ತದೆ. ಅರ್ಧ ಅಡಿಗೆ 12 ಕಂಗು ಹೋಯಿತು. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಒಗ್ಗರಣೆ ಸೀದುಹೋಯಿತು.

ಪ್ರಾಜೆಕ್ಟಿಗೆ ಟೀಚರ್ 'ಒಳ್ಳೆಯದಾಗಿದೆ' ಅಂತ ಬರೆದರು. ಉಪಜಿಲ್ಲಾ ಮೇಳಕ್ಕೆ ಬೇರೆ ಹುಡುಗಿಯರ ಪ್ರಾಜೆಕ್ಟು ಆಯ್ಕೆಯಾಯಿತು. ಅವರದ್ದು ಇನ್ನೂ ಚೆನ್ನಾಗಿತ್ತು ಅಂತ ಮಗನೇ ಹೇಳಿದ, ಎರಡು ದಿನ ಬಿಟ್ಟು.

ಮಾವನಿಗೆ ವರದಿ ಒಪ್ಪಿಸುವುದೊಂದು ಬಾಕಿ ಇತ್ತು. 25 ಸೆಂಟ್ಸಿಗೆ ಆರು ಕಂಗು ಜಾಸ್ತಿ, ಎಕರೆಗೆ 74. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿದರು. "ಆರು ಕಂಗಿಗಾಗಿ ಓರೆ ಓರೆ ನಡೆದು ಅಡಿಕೆ ಹೆಕ್ಕಬೇಕಾ?" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲ, ನಮ್ಮ ಜಾಗ ಎಲ್ಲಿ ಆಯತ ಉಂಟು? ಒಂದು ಬದಿ ತೋಡು, ಒಂದು ಬದಿ ಗುಡ್ಡ. ಅದಕ್ಕೆ ಎಷ್ಟು ಹಿಡಿಯುತ್ತದೆ ಹೇಳು ನೋಡುವ."

ಮರುದಿನ ಭಾನುವಾರ. ಮಗ, ಪಕ್ಕದ ಮನೆ ಹುಡುಗಿ, ಮರಗೆಲಸದವರಿಂದ ಕೇಳಿ ತಂದ ಟೇಪು. ಜಾಗಕ್ಕೆ ಏಳು ಮೂಲೆ ಇದೆ ಅಂತ ಎಣಿಸಿದರು. ಏಳು ಮೂಲೆಯದ್ದನ್ನು ಐದು ತ್ರಿಕೋನ ಮಾಡಬಹುದಂತೆ. ಪ್ರತಿಯೊಂದರ ಮೂರು ಬದಿ ಅಳೆದರೆ ವಿಸ್ತೀರ್ಣ ಸಿಗುತ್ತದೆ. ಮಾವ ಕೊಡೆ ಊರಿಕೊಂಡು, "ಆ ಕಲ್ಲಿನಿಂದ ಹಿಡಿ, ಅದು ನಮ್ಮದೇ" ಅಂತ ಹಿಂದಿನಿಂದ ಹೇಳುತ್ತಿದ್ದರು. ಮೂರನೇ ತ್ರಿಕೋನ ಹಿಡಿಯುವಾಗ ಗುಡುಗು ಸಹಿತ ಮಳೆ ಬಂತು, ಎಲ್ಲರೂ ಓಡಿ ಬಂದರು. ಟೇಪು ಇನ್ನೂ ಅಲ್ಲೇ ಒಂದು ಕಂಗಿಗೆ ಸುತ್ತಿಕೊಂಡಿದೆ, ನಾಳೆ ಅವರಿಗೆ ವಾಪಸ್ ಕೊಡಬೇಕು.