ಲಿನಕ್ಸ್ ಹಾಕಿದ ಮೇಲೆ ಪರದೆ ಕಪ್ಪಾಗಿ ನಿಂತರೆ

ಎಸ್.ಪಿ. ರಸ್ತೆಯಲ್ಲಿ ಕೊಂಡ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಹಳೆಯ ಯಂತ್ರಕ್ಕೆ ಉಬುಂಟು (ಲಿನಕ್ಸ್‌ನ ಒಂದು ರೂಪ) ಹಾಕಿದಿರಿ, ಮೊದಲ ಬೂಟ್‌ನಲ್ಲೇ ಪರದೆ ಕಪ್ಪಾಯಿತು. ದಯವಿಟ್ಟು ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಸಾಮಾನ್ಯವಾಗಿ ಎಡವುವುದು ನುವೋ, ಅಂದರೆ ಎನ್‌ವಿಡಿಯಾ ಕಾರ್ಡಿಗಾಗಿ ಲಿನಕ್ಸ್ ಜೊತೆಗೇ ಬರುವ ಮುಕ್ತ ಡ್ರೈವರ್. ಆನ್ ಮಾಡಿದೊಡನೆ ಎಸ್ಕೇಪ್ (ಹಳೆಯ ಬಯಾಸ್ ಆದರೆ ಶಿಫ್ಟ್) ಒತ್ತಿ ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ತಂತ್ರಾಂಶ) ಮೆನು ತನ್ನಿ. ‘ಇ’ (e) ಒತ್ತಿ, ‘ಲಿನಕ್ಸ್’ (linux) ಎಂದು ಶುರುವಾಗುವ ಸಾಲಿನಲ್ಲಿ ‘ಕ್ವೈಟ್ ಸ್ಪ್ಲ್ಯಾಶ್’ (quiet splash) ಅಳಿಸಿ ‘ನೋಮೋಡ್‌ಸೆಟ್’ (nomodeset) ಬರೆದು ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಕೂಡಲೇ ‘ಅಡಿಷನಲ್ ಡ್ರೈವರ್ಸ್’ನಿಂದ ಎನ್‌ವಿಡಿಯಾ ಡ್ರೈವರ್ ಹಾಕಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಬೂಟ್‌ನಲ್ಲಿ ಓಡದಂತೆ ತಡೆಯುವ ವ್ಯವಸ್ಥೆ) ಇದ್ದರೆ ಆಗ ಕೇಳಿದಾಗ ನೀವು ಕೊಡುವ ಹೊಸ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ರೀಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ (Enroll MOK, ಡ್ರೈವರ್‌ನ ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ ಆ ಪಾಸ್‌ವರ್ಡ್ ಕೊಡದಿದ್ದರೆ ಡ್ರೈವರ್ ಲೋಡೇ ಆಗುವುದಿಲ್ಲ.

ಬೂಟ್ ಆಗುವಾಗ ಪರದೆ ‘ಸ್ಟಾರ್ಟ್ ಜಾಬ್’ (start job) ಎಂದು 90 ಸೆಕೆಂಡ್ ಎಣಿಸುತ್ತಾ ಕೂತರೆ ಕಥೆ ಬೇರೆ: ಎಫ್‌ಎಸ್‌ಟ್ಯಾಬ್‌ನಲ್ಲಿರುವ (ಬೂಟ್‌ನಲ್ಲಿ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯ ಕಡತ, /etc/fstab) ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಡಿಸ್ಕಿನದ್ದೇ ಹೌದೋ ಎಂದು ಟರ್ಮಿನಲ್‌ನಲ್ಲಿ ಬಿಎಲ್‌ಕೆಐಡಿ (blkid) ಆದೇಶ ಓಡಿಸಿ ನೋಡಿ.