ಚಾಲಿಯ ಎರಡನೇ ಗೆರೆ

ಆರು ವಾರದ ಹಿಂದೆ ನಮ್ಮ ಮನೆಗೆ ಒಂದು ಬೆಕ್ಕಿನ ಮರಿ ಬಂತು. ಇಲ್ಲಿ ಗ್ಲಾಸ್ಗೋದಲ್ಲಿ ಅನಾಥ ಪ್ರಾಣಿಗಳನ್ನು ಸಾಕುವ ಕೇಂದ್ರದಿಂದ ತಂದದ್ದು. ಆಗ ಅದಕ್ಕೆ ಹತ್ತು ವಾರ. ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆಯ ಬೂದಿಬಿಳಿ ಬಣ್ಣ, ಹಾಗಾಗಿ ಹೆಸರೂ ಚಾಲಿ. ಶಿರಸಿ, ಸಿದ್ದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮೊದಲ ತಪಾಸಣೆಯಲ್ಲೇ ಡಾಕ್ಟರು ಫೀಲೈನ್ ಲ್ಯುಕೇಮಿಯಾ ಅನ್ನುವ ವೈರಸ್ಸಿನ ಟೆಸ್ಟ್ ಮಾಡಿದರು. ಈ ವೈರಸ್ ಬೆಕ್ಕಿನ ರಕ್ತ ಕಡಿಮೆ ಮಾಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗಿಸುತ್ತದೆ, ಕೆಲವಕ್ಕೆ ಕ್ಯಾನ್ಸರ್ ತರುತ್ತದೆ. ಮರಿಗಳಿಗೇ ಅಪಾಯ ಜಾಸ್ತಿ.

ಬೆರಳುದ್ದದ ಬಿಳಿ ಪಟ್ಟಿ, ಅದರ ಮೇಲೆ ಕೆಲವು ಹನಿ ರಕ್ತ. ಒಂದು ಗೆರೆ ದಟ್ಟವಾಗಿ ಮೂಡಿತು. ಟೆಸ್ಟ್ ಸರಿಯಾಗಿ ನಡೆದಿದೆ ಅನ್ನಲು ಅದು ಮೂಡಲೇಬೇಕು. ಪಕ್ಕದಲ್ಲಿ ಇನ್ನೊಂದು, ವೈರಸ್ ಇದ್ದರೆ ಮೂಡುವಂಥದ್ದು. ಪೆನ್ಸಿಲ್ ಗೀಟನ್ನು ರಬ್ಬರಿನಿಂದ ಉಜ್ಜಿದ ಮೇಲೂ ಉಳಿಯುತ್ತಲ್ಲ, ಅಷ್ಟು. ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿದರು. ನರ್ಸನ್ನು ಕರೆದರು. ಆಮೇಲೆ ನನ್ನ ಕೈಗೂ ಕೊಟ್ಟರು. ಇದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು.

ಲ್ಯಾಬಿಗೆ ಕಳಿಸಿದ ರಕ್ತದ ಪಿಸಿಆರ್ ನೆಗೆಟಿವ್ ಬಂತು. ನಾನು ಖುಷಿಪಟ್ಟೆ, ಡಾಕ್ಟರು ತಡೆದರು. ಪಟ್ಟಿ ಹುಡುಕುವುದು ರಕ್ತದಲ್ಲಿರುವ ವೈರಸ್ಸಿನ ಪ್ರೋಟೀನನ್ನು. ಪಿಸಿಆರ್ ಹುಡುಕುವುದು ಬೆಕ್ಕಿನ ಡಿಎನ್‌ಎ ಒಳಗೆ ಸೇರಿಕೊಂಡ ವೈರಸ್ಸಿನ ವಂಶವಾಹಿಯನ್ನು. ಸೋಂಕು ತೀರಾ ಹೊಸದಾಗಿದ್ದರೆ ಎರಡೂ ಬೇರೆ ಬೇರೆ ಹೇಳಬಹುದು. ಕಾಯಿಲೆ ಅಪರೂಪವಾದ ಕಡೆ ಪಟ್ಟಿಯೇ ತಪ್ಪಿರಬಹುದು. ಕೆಲವು ಬೆಕ್ಕುಗಳು ವೈರಸ್ಸನ್ನು ಒಳಗೇ ಅದುಮಿಟ್ಟುಕೊಂಡು ವರ್ಷಗಟ್ಟಲೆ ಆರಾಮಾಗಿ ಇರುತ್ತವಂತೆ. ಹಾಗಾಗಿ ಆರು ವಾರ ಬಿಟ್ಟು ಮತ್ತೆ ಟೆಸ್ಟ್. ಒಂದು ಮಸುಕು ಗೆರೆ ನೋಡಿ ಮರಿಯನ್ನು ಕೈಬಿಡುವವರೂ ಇದ್ದಾರೆ ಅಂತ ಕೇಳಿ ಹೊಟ್ಟೆ ಕಿವುಚಿತು.

ಈ ವೈರಸ್ಸನ್ನು 1964ರಲ್ಲಿ ಮೊದಲು ಗುರುತಿಸಿದ್ದು ಇದೇ ಊರಿನ ವಿಶ್ವವಿದ್ಯಾಲಯದ ವಿಲಿಯಂ ಜ್ಯಾರೆಟ್ ಮತ್ತು ಜೊತೆಯವರು. ನನಗೆ ಗೊತ್ತೇ ಇರಲಿಲ್ಲ.

ವೈರಸ್ ಅಂದ ಕೂಡಲೇ ಆಯಿ, ನನ್ನ ಅಮ್ಮ, ಫೋನಿನಲ್ಲಿ ಗಾಬರಿಯಾದಳು. "ಮಂಗನ ಕಾಯ್ಲೆ ಹಂಗೆ ಮನುಷ್ಯರಿಗೂ ಬತ್ತಾ?" ಸಿದ್ದಾಪುರದ ಕಡೆಯವಳು, ಬೇಸಿಗೆಯಲ್ಲಿ ಸೊಪ್ಪಿಗೆ ಕಾಡಿಗೆ ಹೋಗಲೂ ಹೆದರುವವಳು. ಆ ಹೆದರಿಕೆ ಸುಮ್ನೆ ಬಂದದ್ದಲ್ಲ, ಮಂಗನ ಕಾಯಿಲೆ ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರ. ಬೆಕ್ಕಿನ ಈ ವೈರಸ್ ಮನುಷ್ಯರಿಗೂ ಬರುವುದಿಲ್ಲ, ನಾಯಿಗೂ ಬರುವುದಿಲ್ಲ ಅಂತ ಸಮಾಧಾನ ಮಾಡಿದೆ. ಬೆಕ್ಕಿನಿಂದ ಬೆಕ್ಕಿಗೆ ಹೆಚ್ಚಾಗಿ ಎಂಜಲಿನಿಂದ ಹರಡುತ್ತದೆ. ಒಂದನ್ನೊಂದು ನೆಕ್ಕಿದರೆ, ಕಚ್ಚಿದರೆ, ಒಂದೇ ಬಟ್ಟಲಲ್ಲಿ ಉಂಡರೆ. ತಾಯಿಯಿಂದ ಮರಿಗೂ ಬರುತ್ತದೆ. ಅದಕ್ಕೇ ನಮ್ಮ ಹಳೇ ಬೆಕ್ಕು ಹಾಲ್‌ನಲ್ಲಿ, ಚಾಲಿ ನನ್ನ ಕೋಣೆಯಲ್ಲಿ. ಬಟ್ಟಲು ಬೇರೆ ಬೇರೆ.

ಎಂಜಲು ಅಂದಾಗ ಆಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮನೆ ಕೊಟ್ಟಿಗೆಯಲ್ಲಿ ಹಾಲು ಕರೆದ ಕೂಡಲೇ ಐದು ಬೆಕ್ಕಿಗೂ ಒಂದೇ ಗೆರಟೆಯಲ್ಲಿ ಹಾಲು ಹಾಕುವುದು ಅವಳೇ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದೇ ಮಳೆಗಾಲದಲ್ಲಿ ಮೂರು ಮರಿ ಸೊರಗಿ ಸತ್ತವು. ರಕ್ತ ಕಡಿಮೆಯಾದಾಗ ಆಗುವಂತೆ ಒಸಡು ಬೆಳ್ಳಗಾಗಿತ್ತು. ಮಳೆಯ ಥಂಡಿ ಅಂದುಕೊಂಡಿದ್ದೆವು. ಥಂಡಿಯೇ ಇರಬಹುದು, ಬೇರೆ ಏನೋ ಇರಬಹುದು. ಆಯಿಗೂ ಅದೇ ನೆನಪಾಗಿತ್ತು, ಕೇಳದೆಯೇ ತಿಳಿಯಿತು.

ಚಾಲಿ ಬಂದಾಗ ಒಂದು ಕೆಜಿ ಇದ್ದಳು, ಈಗ ಒಂದೂ ಮುಕ್ಕಾಲು. ದಿನಾ ಬೆಳಿಗ್ಗೆ ತುಟಿ ಎತ್ತಿ ಒಸಡು ನೋಡುತ್ತೇನೆ. ಗುಲಾಬಿ ಬಣ್ಣವಿದೆ.

ಗುರುವಾರ ಹತ್ತು ಗಂಟೆಗೆ ಎರಡನೇ ಟೆಸ್ಟ್. ಊರಲ್ಲಿ ಆಗ ಮಧ್ಯಾಹ್ನ ಎರಡೂವರೆ, ಆಯಿ ಉಂಡು ಮಲಗುವ ಹೊತ್ತು. ಅವತ್ತು ಮಲಗುವುದಿಲ್ಲವಂತೆ.